ಪಿಕಪ್ ಹಿಂದೆ ಕಾರ್ ಟ್ರೇಲರ್ ಕಟ್ಟುವ ಮುಂಚೆ ಬಾಗಿಲ ಸ್ಟಿಕ್ಕರ್ ಓದಿ

ಅಮೆರಿಕದಲ್ಲಿರುವ ನಮ್ಮವರಲ್ಲಿ ಪಿಕಪ್ ಟ್ರಕ್ ಇಟ್ಟುಕೊಂಡವರು ಈಗ ಕಡಿಮೆಯೇನಿಲ್ಲ. ಬೇ ಏರಿಯಾ ಬಿಟ್ಟು ಆಸ್ಟಿನ್‌ಗೆ ಮನೆ ಬದಲಾಯಿಸುವಾಗಲೋ, ಪಕ್ಕದ ರಾಜ್ಯದಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಕಾರು ಸಿಕ್ಕಾಗಲೋ ಅವರಿಗೆ ಥಟ್ಟನೆ ಹೊಳೆಯುವುದು ಒಂದೇ: ಕಾರನ್ನು ಟ್ರೇಲರ್ ಮೇಲೆ ಹತ್ತಿಸಿ ನಾವೇ ಎಳೆದುಕೊಂಡು ಹೋದರೆ ಆಗಲ್ವಾ? ಆಗುತ್ತದೆ. ಸಾಗಿಸುವ ಕಂಪನಿಗೆ ಕೊಡುವ ದುಡ್ಡೂ ಉಳಿಯುತ್ತದೆ. ಆದರೆ "ನಮ್ಮದು ಎಫ್-150, ಹನ್ನೊಂದು ಸಾವಿರ ಪೌಂಡ್ ಎಳೆಯುತ್ತೆ, ಏನಾಗಲ್ಲ ಬಿಡಿ" ಅಂತ ಶುರುಮಾಡುವವರನ್ನು ಕಂಡರೆ ನನಗೆ ಭಯ. ಆ ಹನ್ನೊಂದು ಸಾವಿರ ಜಾಹೀರಾತಿನ ಟ್ರಕ್ಕಿನದು. ನಿಮ್ಮ ಟ್ರಕ್ಕಿನ ಲೆಕ್ಕ ಡ್ರೈವರ್ ಬಾಗಿಲ ಚೌಕಟ್ಟಿನ ಮೇಲೆ ಅಂಟಿಸಿದ ಸಣ್ಣ ಸ್ಟಿಕ್ಕರಿನಲ್ಲಿದೆ. ಅಲ್ಲಿಂದಲೇ ಶುರು ಮಾಡೋಣ.

ಮೊದಲು ಕಾಗದದ ಮೇಲೆ ಲೆಕ್ಕ

ಡ್ರೈವರ್ ಬಾಗಿಲು ತೆಗೆದರೆ ಟೈರಿನ ಗಾಳಿ ಎಷ್ಟಿರಬೇಕು ಅಂತ ಬರೆದ ಹಳದಿ-ಬಿಳಿ ಸ್ಟಿಕ್ಕರ್ ಕಾಣುತ್ತದೆ. ಅದರಲ್ಲೇ, ಜನ ಮತ್ತು ಸಾಮಾನು ಎಲ್ಲಾ ಸೇರಿ ಇಷ್ಟು ಪೌಂಡ್ ಮೀರಬಾರದು ಅಂತ ಒಂದು ಸಾಲು ಇರುತ್ತದೆ. ಅದೇ ಪೇಲೋಡ್. ಒಂದೇ ಮಾಡೆಲಿನ ಎರಡು ಟ್ರಕ್ಕಿಗೂ ಇದು ಬೇರೆ ಬೇರೆ. ಸನ್‌ರೂಫ್, ಚರ್ಮದ ಸೀಟು, ಫೋರ್ ವೀಲ್ ಡ್ರೈವ್ ಅಂತ ಏನೇನು ಹಾಕಿಸಿದ್ದೀರೋ ಅದರ ತೂಕವೆಲ್ಲ ಇದರಲ್ಲಿ ಕಳೆದುಹೋಗಿರುತ್ತದೆ. ಜಾಸ್ತಿ ದುಡ್ಡು ಕೊಟ್ಟು ತಂದ ಟ್ರಕ್ಕು ಕಡಿಮೆ ಭಾರ ಹೊರುತ್ತದೆ, ಇದೊಂದು ತಮಾಷೆ.

ಎಳೆಯುವ ಸಾಮರ್ಥ್ಯ ಅಂತ ಬ್ರೋಚರಿನಲ್ಲಿ ಇರುವ ಸಂಖ್ಯೆಯೂ ಸುಳ್ಳಲ್ಲ. ಅದಕ್ಕೆ ಎಸ್‌ಎಇ ಜೆ2807 ಅಂತ, ವಾಹನ ಎಂಜಿನಿಯರುಗಳ ಸಂಸ್ಥೆ ರೂಪಿಸಿದ ಒಂದು ಪರೀಕ್ಷೆ ಇದೆ. ಅರಿಜೋನಾದ ಡೇವಿಸ್ ಡ್ಯಾಮ್ ಹತ್ತಿರದ 11.4 ಮೈಲಿ ಏರನ್ನು, ಬಿಸಿಲಲ್ಲಿ, ಎಸಿ ಪೂರ್ತಿ ಹಾಕಿಕೊಂಡು, ಮಾಮೂಲಿ ಪಿಕಪ್ ಆದರೆ ಗಂಟೆಗೆ 40 ಮೈಲಿಗಿಂತ ಕೆಳಗಿಳಿಯದೆ ಹತ್ತಬೇಕು. ಒಳ್ಳೆಯ ಪರೀಕ್ಷೆಯೇ. ಆದರೆ ಅಲ್ಲಿ ಟ್ರಕ್ಕಿನೊಳಗೆ ಕೂರುವುದು ತಲಾ 150 ಪೌಂಡಿನ ಇಬ್ಬರ ಲೆಕ್ಕ. ನಿಮ್ಮ ಟ್ರಕ್ಕಿನಲ್ಲಿ ಹೆಂಡತಿ, ಇಬ್ಬರು ಮಕ್ಕಳು, ಹಿಂದೆ ಅಕ್ಕಿಮೂಟೆ, ವೆಟ್ ಗ್ರೈಂಡರ್, ಎರಡು ಸೂಟ್‌ಕೇಸು ಎಲ್ಲಾ ಇರುತ್ತದೆ, ಅಲ್ವಾ?

ಒಂದು ಉದಾಹರಣೆ ಹಾಕೋಣ. ಸ್ಟಿಕ್ಕರಿನಲ್ಲಿ ಪೇಲೋಡ್ 1,600 ಪೌಂಡ್ ಅಂತಿದೆ ಅಂದುಕೊಳ್ಳಿ. ನಾಲ್ಕು ಜನ ಸೇರಿ 550. ಸಾಮಾನು 200. ಟ್ರೇಲರನ್ನು ಟ್ರಕ್ಕಿಗೆ ಸಿಕ್ಕಿಸುವ ಹಿಚ್ಚಿನ ಕಬ್ಬಿಣ 80. ಒಟ್ಟು 830 ಆಯಿತು. ಉಳಿದದ್ದು 770 ಪೌಂಡ್. ಈ 770ರೊಳಗೇ ಟ್ರೇಲರ್ ತನ್ನ ಮೂತಿಯಿಂದ ಟ್ರಕ್ಕಿನ ಮೇಲೆ ಒತ್ತುವ ಭಾರ, ಅಂದರೆ ಟಂಗ್ ವೇಟ್, ಹಿಡಿಯಬೇಕು. ಟಂಗ್ ವೇಟ್ ಟ್ರೇಲರಿನ ಒಟ್ಟು ತೂಕದ ನೂರಕ್ಕೆ 10ರಿಂದ 15ರಷ್ಟಿರಬೇಕು. ನಾನು 12 ಇಟ್ಟುಕೊಂಡು ಲೆಕ್ಕ ಹಾಕುತ್ತೇನೆ.

ಎರಡು ಆಕ್ಸಲ್ ಇರುವ, 7,000 ಪೌಂಡ್ ಮಿತಿಯ ತೆರೆದ ಕಾರ್ ಟ್ರೇಲರ್ ಖಾಲಿ ಇದ್ದಾಗಲೇ ಸುಮಾರು 2,200 ಪೌಂಡ್ ತೂಗುತ್ತದೆ. ಮೇಲೆ 3,400 ಪೌಂಡಿನ ಕ್ಯಾಮ್ರಿ ಹತ್ತಿಸಿದರೆ 5,600. ಅದರ ನೂರಕ್ಕೆ 12 ಅಂದರೆ 672. ಸರಿ, ಹಿಡಿಯಿತು. ಈಗ ಅದೇ ಟ್ರೇಲರ್ ಮೇಲೆ 4,700 ಪೌಂಡಿನ ಸಿಯೆನ್ನಾ ವ್ಯಾನ್ ಹಾಕಿ ನೋಡಿ. ಒಟ್ಟು 6,900, ಟಂಗ್ ವೇಟ್ 828. ಆಗಲೇ ಪೇಲೋಡ್ ಮೀರಿತು, ಬ್ರೋಚರಿನ ಪ್ರಕಾರ ಇನ್ನೂ ನಾಲ್ಕು ಸಾವಿರ ಪೌಂಡ್ ಬಾಕಿ ಇರುವಾಗಲೇ! ಟೆಸ್ಲಾ ಮಾಡೆಲ್ ವೈ ನೋಡುವುದಕ್ಕೆ ಪುಟ್ಟದಾಗಿ ಕಂಡರೂ ಬ್ಯಾಟರಿ ಸೇರಿ 4,400 ಪೌಂಡ್ ಆಸುಪಾಸು ಇದೆ. ಅದೂ ಈ ಟ್ರಕ್ಕಿಗೆ ಭಾರವೇ. ಹೆಚ್ಚಿನ ಸಲ ಎಫ್-150 ಥರದ, ಅರ್ಧ ಟನ್ ಅಂತ ಕರೆಯುವ ಪಿಕಪ್‌ಗಳಲ್ಲಿ ಎಂಜಿನ್ ಸೋಲುವ ಮುಂಚೆ ಪೇಲೋಡ್ ಮುಗಿದಿರುತ್ತದೆ. ಆಗ ಮಾಡುವುದು ಸುಲಭ: ಮನೆಯವರು ಇನ್ನೊಂದು ಕಾರಿನಲ್ಲಿ ಬರಲಿ, ಸಾಮಾನು ಬೇರೆ ದಾರಿಯಲ್ಲಿ ಹೋಗಲಿ, ಇಲ್ಲವಾದರೆ ಅದಕ್ಕಿಂತ ಗಟ್ಟಿಯಾದ ಮುಕ್ಕಾಲು ಟನ್ ಟ್ರಕ್ ಬಾಡಿಗೆಗೆ ತನ್ನಿ.

ಕಾರಿನ ತೂಕ ಅಂದಾಜು ಹಾಕಬೇಡಿ. ನಿಮ್ಮ ಮಾಡೆಲ್, ನಿಮ್ಮ ವರ್ಷದ್ದು ಹುಡುಕಿ ನೋಡಿ. ಬಾಡಿಗೆ ಟ್ರೇಲರ್ ಆದರೆ ಅದರ ಮೈಮೇಲೆ ಬರೆದಿರುತ್ತದೆ. ಬಾಡಿಗೆ ಕಂಪನಿ ಯು-ಹಾಲ್‌ನವರ ಆಟೋ ಟ್ರಾನ್ಸ್‌ಪೋರ್ಟ್ ಅನ್ನುವ ಕಾರ್ ಟ್ರೇಲರ್ ಖಾಲಿ 2,210 ಪೌಂಡ್, ಮೇಲೆ ಹಾಕಬಹುದಾದದ್ದು 5,290, ಒಟ್ಟು 7,500. ವೇಗ 55 ಮೈಲಿ ಮೀರಬಾರದು ಅನ್ನುವುದು ಅವರ ನಿಯಮ.

ಹಿಚ್, ಬಾಲ್, ಟೈರು

ಟ್ರಕ್ಕಿನ ಹಿಂಬದಿಯ ಚೌಕ ತೂತಿನ ಪಕ್ಕ ಒಂದು ಸ್ಟಿಕ್ಕರ್ ಇರುತ್ತದೆ, ಅದನ್ನೂ ಓದಿ. ಅದರಲ್ಲಿ ಎರಡು ಸಾಲು ಇರಬಹುದು. ಟ್ರೇಲರನ್ನು ಸುಮ್ನೆ ಬಾಲ್ (ಹಿಚ್ಚಿನ ಕಬ್ಬಿಣದ ಗುಂಡು) ಮೇಲೆ ಕೂರಿಸಿದರೆ ಇಷ್ಟು, ವೇಟ್ ಡಿಸ್ಟ್ರಿಬ್ಯೂಷನ್ ಹಿಚ್ ಹಾಕಿದರೆ ಇಷ್ಟು ಅಂತ. ಎಷ್ಟೋ ಅರ್ಧ ಟನ್ ಟ್ರಕ್ಕುಗಳಲ್ಲಿ ಮೊದಲನೆಯದು 5,000 ಪೌಂಡ್ ಟ್ರೇಲರ್, 500 ಪೌಂಡ್ ಟಂಗ್ ವೇಟ್ ಅಷ್ಟೇ. ನಮ್ಮ ಉದಾಹರಣೆಯ ಕ್ಯಾಮ್ರಿಯೇ ಅದನ್ನು ಮೀರಿತಲ್ಲ! ಆಗ ವೇಟ್ ಡಿಸ್ಟ್ರಿಬ್ಯೂಷನ್ ಹಿಚ್, ಅಂದರೆ ಎರಡು ಸ್ಪ್ರಿಂಗ್ ಬಾರ್ ಇರುವ ಹಿಚ್ ಬೇಕೇ ಬೇಕು. ಅದು ಭಾರವನ್ನು ಮಾಯ ಮಾಡುವುದಿಲ್ಲ. ಹಿಂದಿನ ಚಕ್ರಗಳ ಮೇಲೆ ಬಿದ್ದದ್ದರಲ್ಲಿ ಸ್ವಲ್ಪವನ್ನು ಮುಂದಿನ ಚಕ್ರಗಳಿಗೂ ಸ್ವಲ್ಪವನ್ನು ಟ್ರೇಲರ್ ಚಕ್ರಗಳಿಗೂ ಹಂಚುತ್ತದೆ. ಹಾಕುವ ಮುಂಚೆ ಮುಂದಿನ ಚಕ್ರದ ಮೇಲಿನ ಫೆಂಡರ್ ನೆಲದಿಂದ ಎಷ್ಟು ಇಂಚು ಮೇಲಿದೆ ಅಂತ ಟೇಪ್ ಹಿಡಿದು ಬರೆದುಕೊಳ್ಳಿ. ಟ್ರೇಲರ್ ಕಟ್ಟಿದಾಗ ಅದು ಮೇಲೆದ್ದಿರುತ್ತದೆ, ಬಾರ್ ಬಿಗಿದಾಗ ಕೆಳಗೆ ಬರಬೇಕು. ಎಷ್ಟು ಕೆಳಗೆ ಬರಬೇಕು ಅನ್ನುವುದು ನಿಮ್ಮ ಟ್ರಕ್ಕಿನ ಕೈಪಿಡಿಯಲ್ಲಿದೆ. ಬಾಡಿಗೆ ಟ್ರೇಲರ್‌ಗೆ ಈ ಬಾರ್‌ಗಳನ್ನು ಹಾಕಲು ಬಿಡುತ್ತಾರಾ ಅಂತ ಮೊದಲೇ ಕೇಳಿಕೊಳ್ಳಿ.

ಬಾಲ್ ಗಾತ್ರದಲ್ಲಿ ಎಡವಟ್ಟು ಬೇಡ. 2 ಇಂಚಿನದೂ ಇದೆ, 2-5/16 ಇಂಚಿನದೂ ಇದೆ, ಕಣ್ಣಿಗೆ ಹೆಚ್ಚುಕಮ್ಮಿ ಒಂದೇ ಥರ. ದೊಡ್ಡ ಕಪ್ಲರ್ (ಬಾಲನ್ನು ಕಚ್ಚುವ, ಟ್ರೇಲರ್ ಮೂತಿಯ ಬಟ್ಟಲು) ಒಳಗೆ ಚಿಕ್ಕ ಬಾಲ್ ಕೂತುಕೊಳ್ಳುತ್ತದೆ, ಬೀಗವೂ ಬೀಳುತ್ತದೆ, ಮೊದಲ ದೊಡ್ಡ ಗುಂಡಿಯಲ್ಲಿ ಹಾರಿ ಆಚೆ ಬರುತ್ತದೆ. ಬಾಲ್ ತಲೆಯ ಮೇಲೆ ಗಾತ್ರವನ್ನೂ ತೂಕದ ಮಿತಿಯನ್ನೂ ಅಚ್ಚೊತ್ತಿರುತ್ತಾರೆ. ಕಪ್ಲರ್ ಮೇಲೂ ಇರುತ್ತದೆ. ಎರಡೂ ಹೊಂದಬೇಕು.

ಟ್ರೇಲರ್ ಟೈರಿಗೆ ಬರೋಣ. ದಾರಿಯಲ್ಲಿ ಕೈಕೊಡುವುದು ಹೆಚ್ಚಾಗಿ ಇದೇ. ಟೈರಿನ ಗಾತ್ರದ ಮುಂದೆ ಎಸ್‌ಟಿ ಅಂತ ಇರಬೇಕು, ಅದು ಟ್ರೇಲರಿಗೇ ಮಾಡಿದ್ದು. ಸವೆದಿಲ್ಲ, ಹೊಸದರ ಹಾಗೇ ಇದೆ ಅನ್ನುವುದು ಇಲ್ಲಿ ಲೆಕ್ಕಕ್ಕಿಲ್ಲ. ವರ್ಷಗಟ್ಟಲೆ ಬಿಸಿಲಲ್ಲಿ ನಿಂತ ಟೈರು ಒಳಗೊಳಗೇ ಬಿರಿದಿರುತ್ತದೆ. ಟೈರಿನ ಪಕ್ಕದಲ್ಲಿ DOT ಅಂತ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ನೋಡಿ: 2319 ಅಂತಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಐದಾರು ವರ್ಷ ದಾಟಿದ್ದರೆ ಆ ಟೈರಿನ ಮೇಲೆ ನಾನು ಕಾರು ಹತ್ತಿಸುವುದಿಲ್ಲ. ಗಾಳಿಯಂತೂ ಟೈರು ತಣ್ಣಗಿದ್ದಾಗಲೇ, ಪಕ್ಕದಲ್ಲಿ ಬರೆದ ಗರಿಷ್ಠದಷ್ಟು ತುಂಬಿ. 205/75ಆರ್15, ಲೋಡ್ ರೇಂಜ್ (ಭಾರ ಹೊರುವ ದರ್ಜೆ) ಸಿ ಟೈರು ಒಂದಕ್ಕೆ 1,820 ಪೌಂಡ್ ಹೊರುತ್ತದೆ, ಅದೂ 50 ಪಿಎಸ್‌ಐ ಇದ್ದರೆ ಮಾತ್ರ. ನಾಲ್ಕು ಸೇರಿ 7,280. 7,000 ಪೌಂಡಿನ ಟ್ರೇಲರ್ ಕೆಳಗೆ ಇದೆಷ್ಟು ಸಣ್ಣ ಅಂತರ ನೋಡಿ. 40ಕ್ಕಿಳಿದ ಟೈರು ಬಿಸಿಯಾಗಿ ಹರಿಯುವುದಕ್ಕೆ ಬೇರೆ ಕಾರಣ ಬೇಕಿಲ್ಲ. ಟೈರಿನ ಮೇಲೆ ವೇಗದ ಅಕ್ಷರ ಇಲ್ಲದಿದ್ದರೆ 65 ಮೈಲಿಯೇ ಮಿತಿ ಅಂದುಕೊಳ್ಳಿ.

2018ರ ಜುಲೈನಲ್ಲಿ ಉತ್ತರ ಕ್ಯಾಲಿಫೋರ್ನಿಯಾದ ರೆಡ್ಡಿಂಗ್ ಸುತ್ತ ಎದ್ದ 'ಕಾರ್' (Carr) ಅನ್ನುವ ಹೆಸರಿನ ಕಾಡ್ಗಿಚ್ಚು ಶುರುವಾದದ್ದು ಹೀಗೇ. ಒಂದು ಟ್ರೇಲರಿನ ಟೈರು ಹೋಗಿ, ರಿಮ್ ರಸ್ತೆಗೆ ಉಜ್ಜಿ ಕಿಡಿ ಹಾರಿತು. ಸುಟ್ಟದ್ದು 2,29,651 ಎಕರೆ. ಚೈನು ರಸ್ತೆಗೆ ತಾಗಿ ಎಳೆದುಕೊಂಡು ಹೋದರೂ ಕಿಡಿ ಹಾರುತ್ತದೆ. ಬೇಸಿಗೆಯಲ್ಲಿ ಆ ಕಡೆ ಹೋಗುವವರು ಎರಡನ್ನೂ ನೋಡಿಕೊಳ್ಳಿ. ಟ್ರೇಲರಿಗೆ ಒಂದು ಸ್ಟೆಪ್ನಿ, ಅದರ ನಟ್ಟಿಗೆ ಸರಿಹೊಂದುವ ಪಾನ, ಟ್ರೇಲರ್ ಎತ್ತುವ ಜ್ಯಾಕು ಜೊತೆಗಿರಲಿ. ಟ್ರಕ್ಕಿನ ಜ್ಯಾಕ್ ಎಷ್ಟೋ ಸಲ ಟ್ರೇಲರಿಗೆ ಆಗುವುದಿಲ್ಲ.

ಕಟ್ಟುವ ಕ್ರಮ

ಸಮತಟ್ಟಾದ ಜಾಗದಲ್ಲಿ, ಖಾಲಿ ಟ್ರೇಲರನ್ನೇ ಮೊದಲು ಟ್ರಕ್ಕಿಗೆ ಕಟ್ಟಿ. ಕಾರು ಹತ್ತಿಸುವುದು ಆಮೇಲೆ. ಟ್ರೇಲರ್ ಚಕ್ರಗಳಿಗೆ ಹಿಂದೆ ಮುಂದೆ ಚಾಕ್ (ಉರುಳದಂತೆ ತಡೆಯುವ ಅಡ್ಡಗಟ್ಟೆ) ಕೊಡಿ. ಟ್ರಕ್ಕನ್ನು ಹಿಂದಕ್ಕೆ ತಂದು ಬಾಲ್ ಸರಿಯಾಗಿ ಕಪ್ಲರ್ ಕೆಳಗೆ ಬಂದಾಗ ಜ್ಯಾಕ್ ಇಳಿಸಿ. ಬೀಗ ಒತ್ತಿ, ಪಿನ್ನು ಹಾಕಿ. ಇಲ್ಲಿ ಒಂದು ಕೆಲಸ ತಪ್ಪದೆ ಮಾಡಿ: ಬೀಗ ಹಾಕಿದ ಮೇಲೆ ಅದೇ ಜ್ಯಾಕನ್ನು ಮತ್ತೆ ಮೇಲಕ್ಕೆ ತಿರುಗಿಸಿ. ಟ್ರಕ್ಕಿನ ಹಿಂಭಾಗವೂ ಜೊತೆಗೇ ಒಂದೆರಡು ಇಂಚು ಎದ್ದರೆ ಕಪ್ಲರ್ ಬಾಲನ್ನು ಕಚ್ಚಿದೆ ಅಂತ ಅರ್ಥ. ಕಪ್ಲರ್ ಒಂದೇ ಮೇಲೆ ಬಂದರೆ ಬೀಗ ಬಿದ್ದಿರುವುದು ಬಾಲ್ ಮೇಲೆ, ಒಳಗಲ್ಲ. ಅರ್ಧ ನಿಮಿಷದ ಕೆಲಸ.

ಎರಡು ಚೈನುಗಳನ್ನು ಕಪ್ಲರ್ ಕೆಳಗೆ ಒಂದರ ಮೇಲೊಂದು ಅಡ್ಡ ಹಾಯಿಸಿ ಕೊಕ್ಕೆ ಹಾಕಿ. ಕಪ್ಲರ್ ಕಳಚಿದರೆ ಟ್ರೇಲರಿನ ಮೂತಿ ರಸ್ತೆಗೆ ಬಡಿಯದೆ ಆ ಚೈನಿನ ಮೇಲೆ ಬೀಳಬೇಕು. ತಿರುವಿನಲ್ಲಿ ಎಳೆಯದಷ್ಟು ಸಡಿಲ, ನೆಲಕ್ಕೆ ತಾಗದಷ್ಟು ಬಿಗಿ. ಆಮೇಲೆ ಸಣ್ಣ ತಂತಿ, ಬ್ರೇಕ್‌ಅವೇ ಕೇಬಲ್. ಟ್ರೇಲರ್ ಪೂರ್ತಿ ಬಿಟ್ಟುಕೊಂಡರೆ ಇದು ಪಿನ್ ಕಿತ್ತು, ಟ್ರೇಲರಿನದೇ ಬ್ಯಾಟರಿಯಿಂದ ಬ್ರೇಕ್ ಹಿಡಿಸುತ್ತದೆ. ಇದನ್ನು ಚೈನಿಗೆ ಸಿಕ್ಕಿಸುವವರು ಬಹಳ ಜನ. ಚೈನೇ ಹೋದರೆ ಇದೂ ಅದರ ಜೊತೆ ಹೋಯಿತು, ಏನು ಪ್ರಯೋಜನ? ಟ್ರಕ್ಕಿನ ಚೌಕಟ್ಟಿಗೇ ಬೇರೆಯಾಗಿ ಕಟ್ಟಿ. ಕೊನೆಗೆ ಏಳು ಪಿನ್ನಿನ ಪ್ಲಗ್. ಒಬ್ಬರನ್ನು ಹಿಂದೆ ನಿಲ್ಲಿಸಿ ಎಡ, ಬಲ, ಬ್ರೇಕ್ ದೀಪ ಎಲ್ಲಾ ನೋಡಿಸಿ.

ಟ್ರೇಲರಿಗೆ ಬ್ರೇಕ್ ಇರಲೇಬೇಕಾ? ಬಹಳಷ್ಟು ರಾಜ್ಯಗಳಲ್ಲಿ 3,000 ಪೌಂಡ್ ದಾಟಿದರೆ ಬೇಕು, ಕ್ಯಾಲಿಫೋರ್ನಿಯಾದಲ್ಲಿ ಮಿತಿ ಇನ್ನೂ ಕಡಿಮೆ, ಟೆಕ್ಸಾಸ್‌ನಲ್ಲಿ 4,500. ಕಾರು ಹೊತ್ತ ಟ್ರೇಲರ್ ಇವೆಲ್ಲವನ್ನೂ ದಾಟುವುದರಿಂದ ಈ ಪ್ರಶ್ನೆ ಬಿಡಿ. ಬಾಡಿಗೆ ಟ್ರೇಲರುಗಳಲ್ಲಿ ಸಾಮಾನ್ಯವಾಗಿ ಸರ್ಜ್ ಬ್ರೇಕ್ ಇರುತ್ತದೆ. ಟ್ರಕ್ ನಿಧಾನವಾದಾಗ ಟ್ರೇಲರ್ ಮುಂದೆ ನೂಕುತ್ತದಲ್ಲ, ಆ ನೂಕಿನಿಂದಲೇ ಅದು ಕೆಲಸ ಮಾಡುತ್ತದೆ. ಎಲೆಕ್ಟ್ರಿಕ್ ಬ್ರೇಕ್ ಆದರೆ ಟ್ರಕ್ಕಿನಲ್ಲಿ ಬ್ರೇಕ್ ಕಂಟ್ರೋಲರ್ ಬೇಕು. ಅದರ ಗೇನ್ (ಟ್ರೇಲರ್ ಬ್ರೇಕ್ ಎಷ್ಟು ಜೋರಾಗಿ ಹಿಡಿಯಬೇಕು ಅನ್ನುವ ಮಟ್ಟ) ಹೊಂದಿಸುವುದಕ್ಕೆ ಖಾಲಿ, ಒಣಗಿದ ರಸ್ತೆಯಲ್ಲಿ ಗಂಟೆಗೆ 20-25 ಮೈಲಿಯಲ್ಲಿ ಹೋಗುತ್ತಾ, ಕಾಲು ಬ್ರೇಕ್ ಮುಟ್ಟದೆ, ಕಂಟ್ರೋಲರಿನ ಕೈ ಗುಂಡಿಯನ್ನು ಪೂರ್ತಿ ಒತ್ತಿ. ಟ್ರೇಲರ್ ಚಕ್ರ ಜಾರಿದರೆ ಗೇನ್ ಇಳಿಸಿ, ಏನೂ ಆಗದಿದ್ದರೆ ಏರಿಸಿ. ಜಾರುವುದಕ್ಕೆ ಸ್ವಲ್ಪ ಕೆಳಗೆ ನಿಲ್ಲಿಸಿದರೆ ಸರಿ. ಖಾಲಿ ಟ್ರೇಲರಿನದೇ ಬೇರೆ, ಕಾರು ಹತ್ತಿದ ಮೇಲಿನದೇ ಬೇರೆ, ಆದ್ದರಿಂದ ಎರಡು ಸಲ ಮಾಡಬೇಕು. ಆ ಕೈ ಗುಂಡಿ ಎಲ್ಲಿದೆ ಅಂತ ಕಣ್ಣು ಮುಚ್ಚಿಕೊಂಡು ಹುಡುಕುವಷ್ಟು ರೂಢಿ ಮಾಡಿಕೊಳ್ಳಿ. ಮುಂದೆ ಕೆಲಸಕ್ಕೆ ಬರುತ್ತದೆ.

ಕಾರು ಹತ್ತಿಸುವುದು

ಟ್ರಕ್ಕಿನ ಪಾರ್ಕಿಂಗ್ ಬ್ರೇಕ್ ಹಾಕಿ, ಟ್ರೇಲರ್ ಚಕ್ರಕ್ಕೆ ಚಾಕ್ ಕೊಟ್ಟ ಮೇಲೆಯೇ ಕಾರು ಹತ್ತಿಸಬೇಕು. ಕಾರಿನ ಮುಂದಿನ ಚಕ್ರ ಟ್ರೇಲರಿನ ಬಾಲದ ಮೇಲೆ ಬಂದಾಗ ಮೂತಿ ಮೇಲೇಳುತ್ತದೆ, ಟ್ರಕ್ಕಿನ ಹಿಂದಿನ ಚಕ್ರಗಳ ಹಿಡಿತ ಸಡಿಲವಾಗುತ್ತದೆ. ಇಳಿಜಾರಿನಲ್ಲಿ ನಿಂತಿದ್ದರೆ ಇಡೀ ಗಾಡಿ ಹೊರಟೇಬಿಡಬಹುದು. ಟ್ರೇಲರ್ ಬಾಲಕ್ಕೆ ಕೆಳಗೆ ಆಧಾರ ಕಂಬಗಳಿದ್ದರೆ ಇಳಿಸಿ, ಇಲ್ಲದಿದ್ದರೆ ಗಟ್ಟಿ ಮರದ ತುಂಡು ಕೊಡಿ.

ಹತ್ತಿಸುವವರು ಒಬ್ಬರು, ಮುಂದೆ ನಿಂತು ಕೈ ತೋರಿಸುವವರು ಒಬ್ಬರೇ. ಮೂರು ಜನ ಮೂರು ಕಡೆ ಕೂಗಬಾರದು. ಕೈ ತೋರಿಸುವವರು ಕಾರಿನ ನೇರ ಎದುರಿಗೆ ನಿಲ್ಲದೆ ಸ್ವಲ್ಪ ಪಕ್ಕಕ್ಕಿರಲಿ. ಡ್ರೈವರ್ ಕಿಟಕಿ ಗಾಜು ಮೊದಲೇ ಇಳಿಸಿಡಿ. ಎಷ್ಟೋ ಟ್ರೇಲರುಗಳಲ್ಲಿ ಕಾರಿನ ಬಾಗಿಲು ಟ್ರೇಲರಿನ ಮಡ್‌ಗಾರ್ಡಿಗೆ ತಾಗಿ ಅರ್ಧಕ್ಕಿಂತ ಹೆಚ್ಚು ತೆಗೆಯುವುದಿಲ್ಲ. ಹೊಟ್ಟೆ ಒಳಗೆಳೆದುಕೊಂಡು ಸಂದಿಯಲ್ಲಿ ನುಸುಳಬೇಕು, ಅದೂ ಆಗದಿದ್ದರೆ ಕಿಟಕಿಯಲ್ಲೇ ಇಳಿಯಬೇಕು. ಮೈ ಗಟ್ಟಿಯಿರುವ ಹುಡುಗರಿಗೆ ಈ ಕೆಲಸ ಬಿಡಿ!

ಕಾರು ಎಲ್ಲಿ ನಿಲ್ಲಬೇಕು ಅನ್ನುವುದೇ ಈ ಲೇಖನದ ಅರ್ಧ ಭಾಗ. ಎತ್ತಿನ ಗಾಡಿ ನೋಡಿದವರಿಗೆ ಇದು ಗೊತ್ತು. ಭಾರ ಹಿಂದೆ ಜಾಸ್ತಿಯಾದರೆ ಮೂಕಿ ಮೇಲೇಳುತ್ತದೆ, ಎತ್ತಿನ ಕುತ್ತಿಗೆಗೆ ಕಂಟಕ. ಮುಂದೆ ಜಾಸ್ತಿಯಾದರೆ ನೊಗ ಒತ್ತಿ ಎತ್ತು ನಡೆಯುವುದಿಲ್ಲ. ಟ್ರೇಲರಿನದೂ ಅದೇ. ಭಾರ ಹಿಂದಾದರೆ ಟ್ರೇಲರ್ ಬಾಲ ಆಡಿಸುತ್ತದೆ, ಮುಂದಾದರೆ ಟ್ರಕ್ಕಿನ ಹಿಂಭಾಗ ಕುಸಿದು ಸ್ಟಿಯರಿಂಗ್ ಹಗುರವಾಗುತ್ತದೆ.

ಎಷ್ಟು ಸರಿಸಿದರೆ ಎಷ್ಟು ವ್ಯತ್ಯಾಸ? ಬಾಲ್‌ನಿಂದ ಟ್ರೇಲರ್ ಆಕ್ಸಲ್‌ಗಳ ನಡುಮಧ್ಯಕ್ಕೆ 15 ಅಡಿ ಇದೆ ಅಂದುಕೊಂಡರೆ, 3,400 ಪೌಂಡಿನ ಕಾರನ್ನು ಒಂದೇ ಒಂದು ಅಡಿ ಮುಂದೆ ಸರಿಸಿದರೆ ಟಂಗ್ ವೇಟ್ ಸುಮಾರು 225 ಪೌಂಡ್ ಏರುತ್ತದೆ. ಒಂದು ಅಡಿಗೆ! ಆದ್ದರಿಂದ ಇದು ಕಣ್ಣಂದಾಜಿನ ಕೆಲಸವಲ್ಲ. ಎಂಜಿನ್ ಮುಂದಿರುವ ಕಾರನ್ನು ಮೂತಿ ಮುಂದೆ ಮಾಡಿಯೇ ಹತ್ತಿಸಿ. ಆಕ್ಸಲ್‌ಗಳ ನಡುವಿಗಿಂತ ಸ್ವಲ್ಪ ಮುಂದೆ ಕಾರಿನ ತೂಕ ಬರುವ ಹಾಗೆ ನಿಲ್ಲಿಸಿ, ಆಮೇಲೆ ತೂಕದ ಕಟ್ಟೆಯಲ್ಲಿ ಪರೀಕ್ಷಿಸಿ. ಸರಿಯಾದ ಜಾಗ ಸಿಕ್ಕ ಮೇಲೆ ಮುಂದಿನ ಚಕ್ರದ ಪಕ್ಕದಲ್ಲಿ ಹಲಗೆ ಮೇಲೆ ಬಣ್ಣದಲ್ಲಿ ಒಂದು ಗೆರೆ ಎಳೆದುಬಿಡಿ, ಟ್ರೇಲರ್ ನಿಮ್ಮದೇ ಆಗಿದ್ದರೆ. ಬಾಡಿಗೆ ಆಟೋ ಟ್ರಾನ್ಸ್‌ಪೋರ್ಟ್‌ನಲ್ಲಿ ಕಾರು ನಿಲ್ಲುವ ಜಾಗ ಅವರೇ ನಿಗದಿ ಮಾಡಿರುತ್ತಾರೆ, ಮುಂದಿನ ಚಕ್ರ ತಡೆಗೆ ತಾಗುವವರೆಗೆ ಹತ್ತಿಸಬೇಕು.

ಕಟ್ಟುವ ಪಟ್ಟಿಗಳು ನಾಲ್ಕು, ನಾಲ್ಕು ಮೂಲೆಗೂ ಒಂದೊಂದು. 2 ಇಂಚು ಅಗಲದ, 3,333 ಪೌಂಡ್ ಕೆಲಸದ ಮಿತಿ ಬರೆದಿರುವ ರಾಚೆಟ್ ಪಟ್ಟಿ ತನ್ನಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಪ್ಯಾಕೆಟ್ ಮೇಲೆ ದಪ್ಪಕ್ಷರದಲ್ಲಿ 10,000 ಅಂತಿರುವುದು ಹರಿಯುವ ಮಿತಿ. ಅದನ್ನು ನೋಡಿ ಮೋಸ ಹೋಗಬೇಡಿ. ನನ್ನ ಆಯ್ಕೆ ಚಕ್ರದ ಮೇಲೆ ಹಾಯಿಸಿ ಕಟ್ಟುವ ಪಟ್ಟಿ. ಚಕ್ರ ಹಲಗೆಗೆ ಅಂಟಿಕೊಂಡಿರುತ್ತದೆ, ಮೇಲೆ ಕಾರು ತನ್ನ ಸಸ್ಪೆನ್ಷನ್ ಮೇಲೆ ಸುಮ್ನೆ ಕುಣಿಯುತ್ತಿರುತ್ತದೆ, ಪಟ್ಟಿ ಸಡಿಲವಾಗುವುದು ಕಡಿಮೆ. ಬಂಪರಿಗೆ, ಸ್ಟಿಯರಿಂಗ್ ರಾಡಿಗೆ, ಬ್ರೇಕ್ ಪೈಪಿನ ಹತ್ತಿರಕ್ಕೆ ಕೊಕ್ಕೆ ಹಾಕಲೇಬೇಡಿ. ಕಾರು ಆಟೋಮ್ಯಾಟಿಕ್ ಆದರೆ ಪಿ, ಗೇರಿನದಾದರೆ ಮೊದಲನೇ ಗೇರು, ಎರಡಕ್ಕೂ ಪಾರ್ಕಿಂಗ್ ಬ್ರೇಕ್. ಗಾಜು ಏರಿಸಿ. ಕಳ್ಳರ ಅಲಾರಂ ಆಫ್ ಮಾಡಿ, ಇಲ್ಲದಿದ್ದರೆ ಪ್ರತಿ ಗುಂಡಿಗೂ ಬಡಿದುಕೊಳ್ಳುತ್ತದೆ. ಕಾರಿನೊಳಗೆ ಯಾರೂ ಕೂರುವ ಹಾಗಿಲ್ಲ, "ಐದೇ ನಿಮಿಷದ ದಾರಿ" ಅಂದರೂ ಇಲ್ಲ.

ತೂಕದ ಕಟ್ಟೆ

ಹೆದ್ದಾರಿ ಬದಿಯ ದೊಡ್ಡ ಟ್ರಕ್ ಸ್ಟಾಪುಗಳಲ್ಲಿ ಕ್ಯಾಟ್ ಸ್ಕೇಲ್ ಅಂತ ದೊಡ್ಡ ಹಳದಿ-ಕಪ್ಪು ಫಲಕ ಕಾಣುತ್ತದೆ. ಹದಿನೆಂಟು ಚಕ್ರದ ಲಾರಿಗಳ ಮಧ್ಯೆ ನಮ್ಮ ಪಿಕಪ್ ನಿಲ್ಲಿಸುವುದಕ್ಕೆ ಸಂಕೋಚ ಬೇಡ. ಯಾರು ಬೇಕಾದರೂ ತೂಗಿಸಬಹುದು, ದುಡ್ಡು ಒಂದು ಊಟದಷ್ಟು. ಟ್ರಕ್ಕಿನ ಮುಂದಿನ ಚಕ್ರ ಒಂದು ಹಲಗೆ ಮೇಲೆ, ಹಿಂದಿನ ಚಕ್ರ ಇನ್ನೊಂದರ ಮೇಲೆ, ಟ್ರೇಲರ್ ಚಕ್ರಗಳು ಮೂರನೆಯದರ ಮೇಲೆ ಬರುವ ಹಾಗೆ ನಿಲ್ಲಿಸಿ. ಸ್ಪ್ರಿಂಗ್ ಬಾರ್ ಹಾಕಿದ್ದರೆ ತೂಗುವಾಗ ಸಡಿಲಿಸಿ, ಇಲ್ಲದಿದ್ದರೆ ನಿಜವಾದ ಟಂಗ್ ವೇಟ್ ಸಿಗುವುದಿಲ್ಲ.

ಚೀಟಿಯಲ್ಲಿ ಹೀಗೆ ಬಂತು ಅಂದುಕೊಳ್ಳಿ: ಮುಂದೆ 3,120, ಹಿಂದೆ 3,860, ಟ್ರೇಲರ್ ಚಕ್ರ 4,920. ಈಗ ಪಾರ್ಕಿಂಗಿನಲ್ಲಿ ಟ್ರೇಲರ್ ಕಳಚಿಟ್ಟು, ಅದೇ ಜನ, ಅದೇ ಸಾಮಾನು, ಹಿಚ್ಚಿನ ಕಬ್ಬಿಣವೂ ಜೊತೆಗೇ ಇರುವ ಹಾಗೆ ಟ್ರಕ್ ಒಂದನ್ನೇ ತೂಗಿಸಿ. ಮುಂದೆ 3,380, ಹಿಂದೆ 2,900 ಬಂತು. ಮೊದಲ ಸಲ ಟ್ರಕ್ಕಿನ ಭಾಗ 6,980, ಎರಡನೇ ಸಲ 6,280. ವ್ಯತ್ಯಾಸ 700, ಅದೇ ಟಂಗ್ ವೇಟ್. ಟ್ರೇಲರಿನ ಪೂರ್ತಿ ತೂಕ 4,920ಕ್ಕೆ 700 ಸೇರಿಸಿ 5,620. ನೂರಕ್ಕೆ 12 ಚಿಲ್ಲರೆ. ಚೆನ್ನಾಗಿದೆ. ಟ್ರಕ್ಕಿನ ಬಾಗಿಲ ಮೇಲಿನ ಒಟ್ಟು ಮಿತಿ 7,050 ಅಂತಿದ್ದರೆ ನಮಗಿರುವುದು 70 ಪೌಂಡ್ ಅಷ್ಟೇ, ಇನ್ನೊಂದು ಅಕ್ಕಿಮೂಟೆಗೆ ಜಾಗವಿಲ್ಲ. ಮುಂದಿನ ಚಕ್ರದಿಂದ 260 ಪೌಂಡ್ ಮಾಯವಾದದ್ದನ್ನೂ ಗಮನಿಸಿ. ಸ್ಪ್ರಿಂಗ್ ಬಾರ್ ಬಿಗಿಯುವುದು ಅದನ್ನು ವಾಪಸ್ ತರುವುದಕ್ಕೇ.

ರಸ್ತೆಗಿಳಿದ ಮೇಲೆ

ಭಾರ ಎಳೆಯುವುದಕ್ಕೆ ತಕ್ಕಂತೆ ಗೇರು ಬದಲಾಗುವ ಹಾಗೆ ಮಾಡುವ ಟೋ/ಹಾಲ್ ಗುಂಡಿ ಒತ್ತಿ. ಹತ್ತು ಮೈಲಿ ಹೋಗಿ ನಿಲ್ಲಿಸಿ. ಪಟ್ಟಿ ಬಿಗಿದು ನೋಡಿ, ರಸ್ತೆಯ ಮೊದಲ ಗುಂಡಿಗಳಲ್ಲಿ ಕಾರು ಕೂತುಕೊಂಡು ಅವು ಸಡಿಲವಾಗಿಯೇ ಇರುತ್ತವೆ. ಟ್ರೇಲರ್ ಚಕ್ರ ಬಿಚ್ಚಿ ಹಾಕಿದ್ದರೆ ನಟ್ಟುಗಳನ್ನು 10, 25, 50 ಮೈಲಿಯಲ್ಲಿ ಮತ್ತೆ ಟಾರ್ಕ್ ಪಾನದಲ್ಲಿ ಬಿಗಿಯಿರಿ. ಚಕ್ರದ ನಡುವಿನ ಹಬ್ ಹತ್ತಿರ ಕೈ ಹಿಡಿಯಿರಿ. ನಾಲ್ಕರಲ್ಲಿ ಮೂರು ಬೆಚ್ಚಗಿದ್ದು ಒಂದು ಮಾತ್ರ ಕೈ ಸುಡುವಷ್ಟಿದ್ದರೆ ಆ ಬೇರಿಂಗ್ ಅಥವಾ ಬ್ರೇಕ್ ಕೆಟ್ಟಿದೆ, ಮುಂದೆ ಹೋಗಬೇಡಿ. ಪೆಟ್ರೋಲ್ ಹಾಕಿಸಲು ನಿಂತಾಗಲೆಲ್ಲ ಇದನ್ನು ಮಾಡಿ. ಹೇಗೂ ಮೈಲೇಜ್ ಅರ್ಧಕ್ಕಿಳಿದಿರುತ್ತದೆ, ಬೇಗ ಬೇಗ ನಿಲ್ಲಬೇಕಾಗುತ್ತದೆ.

ಕ್ಯಾಲಿಫೋರ್ನಿಯಾದಲ್ಲಿ ಟ್ರೇಲರ್ ಎಳೆಯುವ ಗಾಡಿಗೆ ಎಲ್ಲೇ ಆದರೂ 55 ಮೈಲಿ ಮಿತಿ, ಬಲಗಡೆಯ ಲೇನುಗಳೇ ಗತಿ. ಬೇರೆ ರಾಜ್ಯಗಳಲ್ಲಿ ಫಲಕ 75 ಅಂದರೂ ನೀವು 60-65ರಲ್ಲೇ ಇರಿ. ಮುಂದಿನ ಗಾಡಿಗೂ ನಿಮಗೂ ಐದಾರು ಸೆಕೆಂಡ್ ಅಂತರ ಬಿಡಿ. ಯಾರಾದರೂ ನಡುವೆ ನುಗ್ಗುತ್ತಾರೆ, ನುಗ್ಗಲಿ, ಮತ್ತೆ ಅಂತರ ಬಿಡಿ. ತಿರುವಿನಲ್ಲಿ ಟ್ರೇಲರ್ ಒಳಗಡೆಯಿಂದ ಕೊಯ್ದುಕೊಂಡು ಬರುತ್ತದೆ, ಆದ್ದರಿಂದ ಟ್ರಕ್ಕನ್ನು ಮುಂದಕ್ಕೆ ಒಯ್ದು ಆಮೇಲೆ ತಿರುಗಿಸಿ.

ಇಳಿಜಾರು ಏರಿಗಿಂತ ಕಷ್ಟ. ಐ-5ರಲ್ಲಿ 4,144 ಅಡಿಯ ಟೆಹೋನ್ ಪಾಸಿನಿಂದ ಸ್ಯಾನ್ ವಾಕೀನ್ ಕಣಿವೆಗೆ ಇಳಿಯುವ ಗ್ರೇಪ್‌ವೈನ್‌ನಲ್ಲಿ ಸುಮಾರು ಐದು ಮೈಲಿ, ನೂರಕ್ಕೆ 6ರ ಇಳಿಜಾರು. ಇಳಿಯಲು ಶುರುಮಾಡುವ ಮುಂಚೆಯೇ ವೇಗ ಇಳಿಸಿ, ಕೆಳಗಿನ ಗೇರಿಗೆ ಹಾಕಿ, ಎಂಜಿನ್ನೇ ಹಿಡಿಯಲಿ. ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಅರ್ಧ ದಾರಿಯಲ್ಲಿ ಸುಟ್ಟ ವಾಸನೆ ಬರುತ್ತದೆ, ಆಮೇಲೆ ಬ್ರೇಕ್ ಹಿಡಿಯುವುದಿಲ್ಲ. ವೇಗ ಏರಿದಾಗ ಒಮ್ಮೆ ಗಟ್ಟಿಯಾಗಿ ಒತ್ತಿ ಹತ್ತು ಮೈಲಿ ಇಳಿಸಿ, ಪೂರ್ತಿ ಬಿಡಿ, ಮತ್ತೆ ಏರಿದಾಗ ಮತ್ತೆ. ಐ-70ರಲ್ಲಿ ಕೊಲೊರಾಡೊದ ಐಸನ್‌ಹೋವರ್ ಸುರಂಗ 11,158 ಅಡಿ ಎತ್ತರದಲ್ಲಿದೆ. ಟರ್ಬೊ ಇಲ್ಲದ ಎಂಜಿನ್ ಪ್ರತಿ ಸಾವಿರ ಅಡಿಗೆ ನೂರಕ್ಕೆ ಸುಮಾರು 3ರಷ್ಟು ಶಕ್ತಿ ಕಳೆದುಕೊಳ್ಳುವುದರಿಂದ ಅಲ್ಲಿ ಅದಕ್ಕೆ ಉಬ್ಬಸ ಬಂದ ಹಾಗಾಗುತ್ತದೆ. ಲಾರಿಗಳ ಹಿಂದೆ ಬಲಗಡೆ ಲೇನಿನಲ್ಲಿ ನಿಧಾನಕ್ಕೆ ಹತ್ತಿ, ಅವಮಾನವೇನಿಲ್ಲ.

ಬಾಲ ಆಡಿಸಲು ಶುರುವಾದರೆ

ಹೆಚ್ಚಾಗಿ ಇದು ಇಳಿಜಾರಿನಲ್ಲಿ, ಅಡ್ಡಗಾಳಿಗೆ, ಅಥವಾ ದೊಡ್ಡ ಲಾರಿ ಪಕ್ಕದಲ್ಲಿ ರೊಯ್ಯನೆ ಹೋದಾಗ ಶುರುವಾಗುತ್ತದೆ. ಟ್ರೇಲರ್ ಮೊದಲು ಸಣ್ಣಗೆ ಎಡಕ್ಕೆ ಬಲಕ್ಕೆ ಆಡುತ್ತದೆ, ಕನ್ನಡಿಯಲ್ಲಿ ಅದರ ಮೂಲೆ ಕಾಣಿಸಿ ಮರೆಯಾಗುತ್ತದೆ, ಸೀಟಿನ ಕೆಳಗೆ ಟ್ರಕ್ಕನ್ನು ಯಾರೋ ಹಿಡಿದು ಅಲ್ಲಾಡಿಸಿದ ಹಾಗೆ ಗೊತ್ತಾಗುತ್ತದೆ. ಆಗ ಕಾಲು ಬ್ರೇಕ್ ಮೇಲೆ ಹೋಗುವುದು ಸಹಜ. ಹೋಗಬಾರದು. ಟ್ರಕ್ ನಿಧಾನವಾದರೆ ಹಿಂದಿನಿಂದ ಟ್ರೇಲರ್ ಇನ್ನೂ ನೂಕಿ ಪಕ್ಕಕ್ಕೆ ಮಡಚುತ್ತದೆ. ವೇಗ ಹೆಚ್ಚಿಸಿ ನೇರ ಮಾಡುತ್ತೇನೆ ಅನ್ನುವವರ ಮಾತೂ ಕೇಳಬೇಡಿ. ಆಕ್ಸಿಲರೇಟರಿನಿಂದ ಕಾಲು ತೆಗೆಯಿರಿ. ಸ್ಟಿಯರಿಂಗ್ ನೇರ ಹಿಡಿಯಿರಿ, ಆಟಕ್ಕೆ ತಕ್ಕಂತೆ ತಿರುಗಿಸಲು ಹೋಗಬೇಡಿ, ನಿಮ್ಮ ಕೈ ಯಾವಾಗಲೂ ಒಂದು ಹೆಜ್ಜೆ ತಡವಾಗಿ ತಿರುಗಿ ಆಟವನ್ನು ಹೆಚ್ಚಿಸುತ್ತದೆ. ಬ್ರೇಕ್ ಕಂಟ್ರೋಲರಿನ ಆ ಕೈ ಗುಂಡಿ ಒತ್ತಿ ಟ್ರೇಲರ್ ಬ್ರೇಕ್ ಮಾತ್ರ ಹಿಡಿಸಿ. ಹಿಂದಿನಿಂದ ಎಳೆದ ಹಾಗಾಗಿ ಅದು ನೇರವಾಗುತ್ತದೆ. ಸರ್ಜ್ ಬ್ರೇಕಿನ ಬಾಡಿಗೆ ಟ್ರೇಲರಿನಲ್ಲಿ ಈ ಗುಂಡಿ ಇರುವುದಿಲ್ಲ, ಅಲ್ಲಿ ಕಾಲು ತೆಗೆದು ನೇರ ಹಿಡಿಯುವುದೊಂದೇ ದಾರಿ, ಅದಕ್ಕೇ 55 ಮೈಲಿಯ ನಿಯಮ.

ನಿಂತುಹೋಯಿತು ಅಂತ ಮತ್ತೆ 65ಕ್ಕೆ ಹೋಗಬೇಡಿ. ಮೊದಲ ಎಕ್ಸಿಟ್‌ನಲ್ಲಿ ಇಳಿದು ಟೈರು ನೋಡಿ, ಕಾರು ಹಿಂದೆ ಸರಿದಿದೆಯಾ ನೋಡಿ, ಬೇಕಾದರೆ ಸ್ವಲ್ಪ ಮುಂದೆ ನಿಲ್ಲಿಸಿ ಮತ್ತೆ ಕಟ್ಟಿ. ನ್ಯೂ ಮೆಕ್ಸಿಕೊದಿಂದ ಅಮರಿಲ್ಲೊ ಕಡೆಗೆ ಐ-40ರಲ್ಲಿ ಗಾಳಿ ಎದ್ದ ದಿನ ಮೋಟೆಲಿನಲ್ಲೇ ಇನ್ನೊಂದು ರಾತ್ರಿ ಕಳೆಯುವುದು ಎಲ್ಲಕ್ಕಿಂತ ಅಗ್ಗ.

ರಿವರ್ಸ್, ಕಳಚುವುದು

ಮಂಡ್ಯದ ಕಡೆ ಟ್ರಾಕ್ಟರಿಗೆ ಕಬ್ಬಿನ ಟ್ರೇಲರ್ ಕಟ್ಟಿ ರಿವರ್ಸ್ ತೆಗೆದವರಿದ್ದರೆ ಈ ಭಾಗ ಬಿಟ್ಟುಬಿಡಿ. ಉಳಿದವರು ಭಾನುವಾರ ಬೆಳಿಗ್ಗೆ ಖಾಲಿ ಪಾರ್ಕಿಂಗ್ ಲಾಟ್ ಹುಡುಕಿಕೊಳ್ಳಿ. ಸ್ಟಿಯರಿಂಗಿನ ತಳದಲ್ಲಿ ಒಂದು ಕೈ ಇಡಿ. ಟ್ರೇಲರ್ ಬಾಲ ಎಡಕ್ಕೆ ಹೋಗಬೇಕಾದರೆ ಕೈ ಎಡಕ್ಕೆ, ಬಲಕ್ಕಾದರೆ ಬಲಕ್ಕೆ. ಅಷ್ಟೇ ಸೂತ್ರ. ಸ್ವಲ್ಪ ಸ್ವಲ್ಪವೇ ತಿರುಗಿಸಿ, ನಿಧಾನಕ್ಕೆ. ಜಾಸ್ತಿ ಮಡಚಿಕೊಂಡರೆ ಇನ್ನೂ ತಿರುಗಿಸಿ ಸರಿಮಾಡುತ್ತೇನೆ ಅನ್ನಬೇಡಿ, ಮುಂದಕ್ಕೆ ಎಳೆದು ನೇರ ಮಾಡಿ ಮತ್ತೆ ಶುರುಮಾಡಿ. ಅನುಮಾನ ಬಂದರೆ ಇಳಿದು ಹೋಗಿ ನೋಡಿ. ಮುಂದೆಯೇ ಹೊರಬರುವಂಥ ಪೆಟ್ರೋಲ್ ಬಂಕು, ಪಾರ್ಕಿಂಗ್ ಆರಿಸಿಕೊಂಡರೆ ದಾರಿಯಲ್ಲಿ ರಿವರ್ಸಿನ ಗೊಡವೆಯೇ ಬರುವುದಿಲ್ಲ.

ಊರು ತಲುಪಿದ ಮೇಲೆ ಕಾರನ್ನು ಮೊದಲು ಇಳಿಸಿ, ಟ್ರೇಲರ್ ಟ್ರಕ್ಕಿಗೆ ಕಟ್ಟಿಕೊಂಡಿರುವಾಗಲೇ. ಪಟ್ಟಿ ಬಿಚ್ಚುವಾಗ ರಾಚೆಟ್ ಹಿಡಿ ಮುಖದ ನೇರಕ್ಕಿರಬಾರದು, ಪಟ್ಟೆಂದು ಹಾರುತ್ತದೆ. ಆಮೇಲೆ ಟ್ರೇಲರ್ ಚಕ್ರಗಳಿಗೆ ಚಾಕ್ ಕೊಟ್ಟು, ಪ್ಲಗ್, ಕೇಬಲ್ ತೆಗೆದು, ಸ್ಪ್ರಿಂಗ್ ಬಾರ್ ಸಡಿಲಿಸಿ, ಕಪ್ಲರ್ ಬೀಗ ಬಿಟ್ಟು ಜ್ಯಾಕ್ ಎತ್ತಿ. ಚೈನು ಎಲ್ಲಕ್ಕಿಂತ ಕೊನೆಗೆ. ಹೊಸ ಮನೆಯ ಡ್ರೈವ್‌ವೇ ಇಳಿಜಾರಾಗಿದ್ದರೆ ಅಲ್ಲಿ ಕಳಚಲೇಬೇಡಿ, ರಸ್ತೆಯ ಸಮತಟ್ಟಾದ ಕಡೆ ನಿಲ್ಲಿಸಿ ಕಳಚಿ. ಬಾಡಿಗೆ ಟ್ರೇಲರ್ ಆದರೆ ಕಳಚುವ ಕೆಲಸವೇ ಬೇಡ, ಕಾರು ಇಳಿಸಿ ಹಾಗೇ ಅವರ ಅಂಗಳಕ್ಕೆ ಓಡಿಸಿಕೊಂಡು ಹೋಗಿ, ಟೈರು ಮತ್ತು ದೀಪಗಳ ಫೋಟೊ ತೆಗೆದುಕೊಂಡು ಒಪ್ಪಿಸಿಬನ್ನಿ.